ಒಂದು ಅಗುಳು ಸಾಕೇ?

ಅವ್ವನ ಕಿಡ್ನಿ ಬಯಾಪ್ಸಿಯ ರಿಪೋರ್ಟು ಮೂರು ಕಂತುಗಳಲ್ಲಿ ಬಂತು. ಮೊದಲನೆಯದು ಸಾಧಾರಣ ಸೂಕ್ಷ್ಮದರ್ಶಕದ್ದು. ರಕ್ತ ಸೋಸುವ ಗ್ಲೊಮೆರುಲಸ್ ಎಂಬ ಪುಟ್ಟ ಗಂಟುಗಳು 14 ಸಿಕ್ಕಿವೆ, ಎಲ್ಲವೂ ಸರಿಯಾಗಿಯೇ ಕಾಣುತ್ತಿವೆ ಎಂದಿತ್ತು. ಎರಡನೆಯದು ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆಯದು. ಅದರಲ್ಲೂ ಏನೂ ಇಲ್ಲ. ಇಲ್ಲಿ ನೋಡಿದರೆ ಅವ್ವನ ಕಾಲನ್ನು ಒತ್ತಿದಲ್ಲಿ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು, ಬೆಳಿಗ್ಗೆ ಎದ್ದಾಗ ಕಣ್ಣು ತೆರೆಯಲಾರದಷ್ಟು ಬಾವು, ದಿನಕ್ಕೆ 8 ಗ್ರಾಂ ಪ್ರೋಟೀನು ಮೂತ್ರದಲ್ಲಿ ಹೋಗುತ್ತಿತ್ತು. ಕಾಗದದ ಮೇಲೆ ಮಾತ್ರ ಎಲ್ಲ ಸರಿ. ಮೂರನೆಯ ಕಂತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ್ದು. ಅದಕ್ಕೆ ಎರಡು ವಾರ ಕಾಯಬೇಕಾಯಿತು.

ಧಾರವಾಡದ ಮನೆಗೆ ಬೀಗ ಹಾಕಿ ಅವ್ವನನ್ನು ಪುಣೆಗೆ ಕರೆತಂದು ಆಗ ಒಂದು ತಿಂಗಳಾಗಿತ್ತು. ಪಿಡಿಎಫ್ ಮೊಬೈಲಿಗೆ ಬಂದಾಗ ನಾನು ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆ. ಪೋಡೋಸೈಟ್ ಎಂಬ ಕೋಶಗಳ ಪಾದಗಳು ಉದ್ದಕ್ಕೂ ಚಪ್ಪಟೆಯಾಗಿ ಒಂದಕ್ಕೊಂದು ಕೂಡಿಹೋಗಿವೆ, ಇದು ‘ಮಿನಿಮಲ್ ಚೇಂಜ್’ ಕಾಯಿಲೆಗೆ ಹೊಂದುತ್ತದೆ ಎಂದು ಬರೆದಿತ್ತು. ಸ್ಟೀರಾಯ್ಡಿಗೆ ಬಹುಮಟ್ಟಿಗೆ ಬಗ್ಗುವ ಕಾಯಿಲೆ ಅದು. ಸದ್ಯ ಎಂದುಕೊಳ್ಳುವಷ್ಟರಲ್ಲಿ ಕೆಳಗೆ ಇನ್ನೊಂದು ಸಾಲು ಕಂಡಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಗ್ಲೊಮೆರುಲಸ್‌ಗಳು 2. ಈ ಮಾದರಿಯೊಳಗೆ ಸಿಗದೆ ಹೋಗಿರಬಹುದಾದ ಎಫ್‌ಎಸ್‌ಜಿಎಸ್ ಇಲ್ಲವೆಂದು ಇದರಿಂದ ಹೇಳಲಾಗದು.

ಎಫ್‌ಎಸ್‌ಜಿಎಸ್ ಎಂದರೆ ಇನ್ನೊಂದು ಕಾಯಿಲೆ, ಇದಕ್ಕಿಂತ ಹಟಮಾರಿ. ಅದರಲ್ಲಿಯೂ ಪಾದಗಳು ಹೀಗೆಯೇ ಅಳಿಸಿಹೋಗುತ್ತವೆ. ವ್ಯತ್ಯಾಸವಿರುವುದು ಗ್ಲೊಮೆರುಲಸ್‌ನಲ್ಲಿ ಮೂಡುವ ಕಲೆಗಳಲ್ಲಿ, ಮತ್ತು ಆ ಕಲೆಗಳು ಎಲ್ಲ ಗಂಟುಗಳಲ್ಲೂ ಇರುವುದಿಲ್ಲ, ಅಲ್ಲೊಂದು ಇಲ್ಲೊಂದರಲ್ಲಿ ಇರುತ್ತವೆ. ಒಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಗ್ಲೊಮೆರುಲಸ್‌ಗಳಿವೆ. ಸೂಜಿಗೆ ಸಿಕ್ಕವು ಹದಿನಾಲ್ಕು. ಎಲೆಕ್ಟ್ರಾನ್ ಕಿರಣದ ಕೆಳಗೆ ಹೋದವು ಎರಡು.

ನನಗೆ ಸಿಟ್ಟು ಬಂತು. ಇಷ್ಟು ದುಡ್ಡು ತೆಗೆದುಕೊಂಡು, ಬೆನ್ನಿಗೆ ಸೂಜಿ ಚುಚ್ಚಿ, ಎರಡು ವಾರ ಕಾಯಿಸಿ, ಕೊನೆಗೆ ‘ಹೇಳಲಾಗದು’ ಎನ್ನುವುದೇ? ನಾನು ಪ್ರಾಜೆಕ್ಟ್ ಮ್ಯಾನೇಜರ್. ನನ್ನ ಟೀಮಿನ ಯಾರಾದರೂ ಇಂಥ ರಿಪೋರ್ಟು ತಂದರೆ ವಾಪಸು ಕಳಿಸುತ್ತೇನೆ. ಹೌದೋ ಅಲ್ಲವೋ ಅಷ್ಟು ಹೇಳಿ ಎನ್ನುತ್ತೇನೆ.

ಮನೆಗೆ ಬಂದಾಗ ಅವ್ವ ಕೇಳಿದಳು, “ನನ್ನ ಕಿಡ್ನಿಯಾಗಿಂದ ಎಷ್ಟ ತಗದಿದ್ರು?”

“ಶಾವಿಗಿ ಎಳಿ ಇರತದಲ್ಲ, ಅಷ್ಟು. ಅದರಾಗಿಂದು ಒಂದು ಚೂರು ಈ ಮಷೀನಿನಾಗ ನೋಡ್ಯಾರ.”

“ಅಷ್ಟರಾಗ ಎಲ್ಲಾ ಗೊತ್ತಾತೇನು?”

“ಎಲ್ಲಾ ಗೊತ್ತಾಗಿಲ್ಲ ಅಂತನ ಬರದಾರ.”

“ಹಂಗಾರ ಖರೇ ಮನಶಾ ಇರಬೇಕು, ಬರದಾಂವ,” ಅಂದು ಅವ್ವ ಟೀವಿಯ ಕಡೆ ತಿರುಗಿದಳು.

ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಯಾಕೆಂದರೆ ನಾನೂ ಒಂದು ಕಾಲಕ್ಕೆ ಆ ಯಂತ್ರದ ಮುಂದೆ ಕೂತವನು. ಈ ಕಡೆಯ ಗೆಳೆಯರಿಗೆ ನಾನು ಜಾವಾ, ಕ್ಲೌಡ್ ಎಂದು ಓಡಾಡುವವನಾಗಿಯೇ ಗೊತ್ತು. ಆದರೆ ನನ್ನ ಎಂಟೆಕ್ ಲೋಹಶಾಸ್ತ್ರದಲ್ಲಿ. 2005ರಲ್ಲಿ ಮುಗಿಸಿದ್ದು. ಅಲ್ಯುಮಿನಿಯಂಗೆ ಸ್ವಲ್ಪ ತಾಮ್ರ, ಅದರ ಮೇಲೆ ಚಿಟಿಕೆಯಷ್ಟು ತವರ ಸೇರಿಸಿ ಹದವಾಗಿ ಕಾಯಿಸಿಟ್ಟರೆ ಒಳಗೆ ತಾಮ್ರ ತುಂಬಿದ ಸಣ್ಣ ಸಣ್ಣ ತಟ್ಟೆಗಳು ಮೂಡುತ್ತವೆ. ಲೋಹಕ್ಕೆ ಗಟ್ಟಿತನ ಬರುವುದು ಅವುಗಳಿಂದ. ತವರ ಬಿದ್ದರೆ ತಟ್ಟೆಗಳು ಇನ್ನೂ ಚಿಕ್ಕವಾಗಿ, ಒತ್ತೊತ್ತಾಗಿ ಬರುತ್ತವೆ. ಇದನ್ನು ತೋರಿಸುವುದು ನನ್ನ ಕೆಲಸವಾಗಿತ್ತು.

ತೋರಿಸಲು ಇದ್ದ ದಾರಿ ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್, ನಾವು ‘ಟೆಮ್’ ಅನ್ನುತ್ತಿದ್ದೆವು. ಬೆಳಕಿನ ಬದಲು ಎಲೆಕ್ಟ್ರಾನುಗಳ ಕಿರಣ, ಗಾಜಿನ ಬದಲು ಕಾಂತದ ಮಸೂರ. ಬರ್ಲಿನ್ನಿನಲ್ಲಿ ಅರ್ನ್ಸ್ಟ್ ರುಸ್ಕ ಮತ್ತು ಮ್ಯಾಕ್ಸ್ ನೋಲ್ 1931ರಲ್ಲಿ ಇದರ ಮೊದಲ ರೂಪ ಕಟ್ಟಿದಾಗ ಬಹಳ ಜನ, ಜೀವಿಗಳ ಯಾವ ಮಾದರಿಯೂ ಈ ಕಿರಣಕ್ಕೆ ಸಿಕ್ಕು ಸುಟ್ಟು ಬೂದಿಯಾಗುತ್ತದೆ ಎಂದಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ. ಕಿಡ್ನಿಯ ಚೂರನ್ನು ಇದರೊಳಗೆ ಇಡಬೇಕಾದರೆ ಗ್ಲುಟರಾಲ್ಡಿಹೈಡ್‌ನಲ್ಲಿ ಬಿಗಿಗೊಳಿಸಿ, ಆಸ್ಮಿಯಂ ಉಣಿಸಿ, ನೀರೆಲ್ಲ ತೆಗೆದು, ರಾಳದಲ್ಲಿ ಹುಗಿದು, ವಜ್ರದ ಚಾಕುವಿನಿಂದ 70 ನ್ಯಾನೋಮೀಟರಿನಷ್ಟು ತೆಳ್ಳಗೆ ಹೆರೆದು, ಯುರೇನಿಯಂ ಸೀಸಗಳ ಬಣ್ಣ ಹಚ್ಚಬೇಕು. ಕೊನೆಗೆ ನಾವು ನೋಡುವ ಕಪ್ಪು ಬಿಳುಪಿನಲ್ಲಿ ಕಪ್ಪಾಗಿರುವುದು ಬಹುಪಾಲು ಈ ಲೋಹಗಳೇ.

ನನ್ನ ಮಾದರಿಗೆ ಅಷ್ಟು ಉಪಚಾರ ಬೇಕಿರಲಿಲ್ಲ. ಲೋಹವನ್ನು ಕಾಗದದಷ್ಟು ಉಜ್ಜಿ, 3 ಮಿಲಿಮೀಟರ್ ಅಗಲದ ಬಿಲ್ಲೆ ಕತ್ತರಿಸಿ, ತಣ್ಣಗಿನ ಮೆಥನಾಲ್ ಮತ್ತು ನೈಟ್ರಿಕ್ ಆಮ್ಲದ ಚಿಲುಮೆಯ ಮುಂದೆ ಹಿಡಿದು ವಿದ್ಯುತ್ ಹಾಯಿಸಿದರೆ ನಟ್ಟನಡುವೆ ತೂತು ಬೀಳುತ್ತದೆ. ನೋಡುವುದು ಆ ತೂತಿನ ಅಂಚನ್ನು. ಎಲೆಕ್ಟ್ರಾನು ದಾಟುವಷ್ಟು ತೆಳುವಾಗಿರುವ ಜಾಗ ಅದೊಂದೇ. ಅಂದರೆ ಒಂದು ಬಿಲ್ಲೆಯಲ್ಲೂ ನಾವು ನೋಡುತ್ತಿದ್ದುದು ಇನ್ನೇನು ಇಲ್ಲವಾಗಲಿದ್ದ ಜಾಗವನ್ನಷ್ಟೆ.

ವಾರಕ್ಕೆ ಒಂದು ಸ್ಲಾಟು, ಅದೂ ರಾತ್ರಿ. ಕತ್ತಲ ಕೋಣೆ, ಹಸಿರಾಗಿ ಹೊಳೆಯುವ ಪರದೆ, ಎಸಿಯ ಚಳಿ. ಆಗ ನಮ್ಮಲ್ಲಿ ಡಿಜಿಟಲ್ ಕ್ಯಾಮೆರಾ ಬಂದಿರಲಿಲ್ಲ, ಫಿಲಂ. ಎಣಿಸಿ ಕ್ಲಿಕ್ಕಿಸಬೇಕು, ಆಮೇಲೆ ಡಾರ್ಕ್‌ರೂಮಿನಲ್ಲಿ ತೊಳೆಯಬೇಕು. ನನ್ನ ಪ್ರಮುಖ ಮಾದರಿಯ ಫಿಲಂಗಳು 41. ಅವುಗಳಲ್ಲಿ 3ರಲ್ಲಿ ತಟ್ಟೆಗಳು ಚಾಪೆಯ ಹೆಣಿಗೆಯ ಹಾಗೆ ಅಡ್ಡ ಉದ್ದ ಒತ್ತಾಗಿ, ಸಮನಾಗಿ, ನೋಡಿದವರು ಆಹಾ ಅನ್ನುವಂತೆ ಬಂದಿದ್ದವು. ಮೂರೂ ಒಂದೇ ಜಾಗದವು. ಮಿಕ್ಕವುಗಳಲ್ಲಿ ಕೆಲವು ಕಡೆ ಚಿಕ್ಕ ತಟ್ಟೆ, ಕೆಲವು ಕಡೆ ದಪ್ಪ, ಇನ್ನು ಕೆಲವು ಕಡೆ ಬರೀ ಬಯಲು. ನಾನು ಆ ಮೂರರಲ್ಲಿ ಒಂದನ್ನು ಥೀಸಿಸ್ಸಿನಲ್ಲಿ ಹಾಕಿದೆ. ಕೆಳಗೆ ಬರೆದೆ: ಮಿಶ್ರಲೋಹದ ಪ್ರಾತಿನಿಧಿಕ ರಚನೆ. ಯಾರೂ ಹಾಗೆ ಬರೆ ಎಂದು ಹೇಳಿರಲಿಲ್ಲ. ಎಲ್ಲರ ಥೀಸಿಸ್ಸಿನಲ್ಲೂ ಹಾಗೇ ಇರುತ್ತಿತ್ತು. ಪ್ರತಿನಿಧಿ ಎಂದಮೇಲೆ ಆರಿಸಿದವರು ಇರಬೇಕು ತಾನೆ? ಇಲ್ಲಿ ಮತದಾರ ಒಬ್ಬನೇ, ಮತ ಎಣಿಸಿದವನೂ ಅವನೇ.

ಆಯ್ದು ತೋರಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಆಯದೆ ವಿಧಿಯಿಲ್ಲ. ವಿಲಿಯಮ್ಸ್ ಮತ್ತು ಕಾರ್ಟರ್ ಬರೆದ ಪಠ್ಯಪುಸ್ತಕ ನಮ್ಮಂಥವರಿಗೆ ಬೈಬಲ್ಲಿನ ಹಾಗೆ. ಅದರ ಮೊದಲ ಅಧ್ಯಾಯದಲ್ಲೇ ಒಂದು ಲೆಕ್ಕವಿದೆ. 1970ರ ಹೊತ್ತಿಗೆ ಜಗತ್ತಿನ ಎಲ್ಲ ಟೆಮ್ ಯಂತ್ರಗಳೂ ಸೇರಿ ನೋಡಿ ಮುಗಿಸಿದ ವಸ್ತುವಿನ ಒಟ್ಟು ಗಾತ್ರ ಸುಮಾರು 0.3 ಘನ ಮಿಲಿಮೀಟರ್ ಎಂದು ಸ್ವಾನ್ ಎಂಬ ವಿಜ್ಞಾನಿ ಅಂದಾಜು ಮಾಡಿದ್ದರಂತೆ. ಒಂದು ಸಾಸಿವೆ ಕಾಳಿನಷ್ಟೂ ಇಲ್ಲ. ಅಷ್ಟು ನೋಡಿ ನಾವು ವಿಮಾನದ ರೆಕ್ಕೆ, ರಿಯಾಕ್ಟರಿನ ಉಕ್ಕು, ಮೂಳೆ, ವೈರಸ್ಸು ಎಲ್ಲದರ ಬಗ್ಗೆಯೂ ಮಾತಾಡುತ್ತಿದ್ದೇವೆ. ಮಾತಾಡದೆ ಬಿಡಲೂ ಆಗುವುದಿಲ್ಲ.

ನಮ್ಮ ಶಾಸ್ತ್ರಕಾರರಿಗೆ ಈ ಪ್ರಶ್ನೆ ಹೊಸದಲ್ಲ. ಸ್ಥಾಲೀಪುಲಾಕ ನ್ಯಾಯ ಎನ್ನುತ್ತಾರೆ. ಗಡಿಗೆಯ ಒಂದು ಅಗುಳನ್ನು ಹಿಚುಕಿ ನೋಡಿದರೆ ಗಡಿಗೆಯ ಅನ್ನವೆಲ್ಲ ಬೆಂದಿದೆಯೇ ಎಂದು ತಿಳಿಯುತ್ತದೆ. ನಾನು ಇದನ್ನು ಅವ್ವನಿಗೆ ಹೇಳಿ, ಎರಡೇ ಗಂಟು ನೋಡಿದರೂ ಚಿಂತೆಯಿಲ್ಲ ಎಂದು ಧೈರ್ಯ ತುಂಬಲು ಹೋದೆ. ಅವ್ವ ಮೊದಲು ನಕ್ಕಳು, “ಕುಕ್ಕರ್ ಬಂದ ಮ್ಯಾಲೆ ಅಗಳ ಯಾರ ನೋಡತಾರಪಾ!” ಆಮೇಲೆ ತವರಿನ ಕಡೆಯ ಮದುವೆಯೊಂದರ ಕತೆ ತೆಗೆದಳು. ಅಡುಗೆಯ ಹಿರಿಯನೊಬ್ಬ ಇದ್ದನಂತೆ. ಕೊಪ್ಪರಿಗೆಯ ಅನ್ನ ನೋಡುವಾಗ ಮೇಲಿನ ಅಗುಳನ್ನು ಮುಟ್ಟುತ್ತಲೇ ಇರಲಿಲ್ಲವಂತೆ. ಅಂಚಿನಿಂದ ಒಂದು, ನಡುವಿನಿಂದ ಒಂದು, ಸೌಟು ತಳಕ್ಕೆ ಇಳಿಸಿ ಅಲ್ಲಿಂದ ಒಂದು. “ಗಡಿಗ್ಯಾಗಾದ್ರ ಒಂದ ಅಗಳ ಸಾಕು. ಕೊಪ್ಪರಿಗಿ ಹಂಗಲ್ಲ. ತಳಾ ಸೀದಿರತದ, ಮ್ಯಾಲ ಹಸೀ ಇರತದ.”

ನ್ಯಾಯದಲ್ಲಿ ಹೇಳದೆ ಉಳಿದ ಷರತ್ತು ಇದು. ಒಂದು ಅಗುಳು ಸಾಕ್ಷಿಯಾಗುವುದು ಗಡಿಗೆಯಲ್ಲಿ ಎಲ್ಲ ಕಡೆ ಒಂದೇ ಉರಿ ತಾಗಿದ್ದರೆ. ಹಾಗೆ ತಾಗಿದೆಯೇ ಎನ್ನುವುದನ್ನು ಆ ಅಗುಳು ಹೇಳಲಾರದು. ಎಫ್‌ಎಸ್‌ಜಿಎಸ್ ಎನ್ನುವುದು ಕೊಪ್ಪರಿಗೆಯ ಕಾಯಿಲೆ. ನನ್ನ ಅಲ್ಯುಮಿನಿಯಂ ಕೂಡ ಕೊಪ್ಪರಿಗೆಯೇ ಆಗಿತ್ತು, ಮತ್ತು ನನಗೆ ಅದು ಗೊತ್ತಿತ್ತು. ನನ್ನ ಕೈಯಲ್ಲಿ 41 ಅಗುಳು ಇದ್ದವಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಒಂದೇ ಅಗುಳು ನಂಬಿ ಜಗತ್ತನ್ನೇ ಎದುರು ಹಾಕಿಕೊಂಡವರಿಲ್ಲವೇ? ಇದ್ದಾರೆ. 1982ರ ಏಪ್ರಿಲ್ 8ರಂದು ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಇಸ್ರೇಲಿನ ಡಾನ್ ಶೆಕ್ಟ್‌ಮನ್, ಬೇಗನೆ ತಣಿಸಿದ ಅಲ್ಯುಮಿನಿಯಂ ಮ್ಯಾಂಗನೀಸ್ ಮಿಶ್ರಲೋಹವನ್ನು ಟೆಮ್‌ನಲ್ಲಿ ನೋಡುತ್ತಿದ್ದರು. ಎಲೆಕ್ಟ್ರಾನು ಚದುರಿ ಮೂಡಿದ ಚುಕ್ಕೆಗಳು ವೃತ್ತದಲ್ಲಿ ಹತ್ತು ಹತ್ತಾಗಿ ಕೂತಿದ್ದವು. ಹರಳುಗಳಲ್ಲಿ ಹತ್ತರ ಸಮಮಿತಿ ಸಾಧ್ಯವೇ ಇಲ್ಲ ಎಂದು ಪಾಠ ಹೇಳುತ್ತಿದ್ದ ಕಾಲ. ಸಾಮಾನ್ಯ ಹರಳುಗಳೇ ಅವಳಿಗಳಾಗಿ ಅಂಟಿಕೊಂಡು ಹೀಗೆ ಮೋಸ ಮಾಡುತ್ತಿವೆಯೇ ಎಂದು ಅವರು ಮೊದಲು ಹುಡುಕಿದರು. ಅವಳಿಗಳು ಸಿಗಲಿಲ್ಲ. ಪ್ರಬಂಧ ಅಚ್ಚಾಗಲು 1984 ಬರಬೇಕಾಯಿತು. ಎರಡು ನೊಬೆಲ್ ಪಡೆದಿದ್ದ ಲೈನಸ್ ಪಾಲಿಂಗ್ ಸಾಯುವವರೆಗೂ ಅದು ಅವಳಿಯೇ ಎಂದು ವಾದಿಸಿದರು. 1985ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಚಟ್ಟೋಪಾಧ್ಯಾಯ, ರಂಗನಾಥನ್ ಮತ್ತು ಸಂಗಡಿಗರು ಇದೇ ಕುಲದ ಇನ್ನೊಂದು ಬಗೆಯನ್ನು, ದಶಕೋನದ್ದನ್ನು, ಟೆಮ್‌ನಲ್ಲೇ ಕಂಡರು. ಶೆಕ್ಟ್‌ಮನ್‌ಗೆ 2011ರಲ್ಲಿ ನೊಬೆಲ್ ಬಂತು.

ಹಾಗಾದರೆ ಶೆಕ್ಟ್‌ಮನ್ ಮಾಡಿದ್ದಕ್ಕೂ ನಾನು ಮಾಡಿದ್ದಕ್ಕೂ ಏನು ಫರಕು? ಬಹಳ ದಿನ ಇದು ನನಗೆ ಬಿಡಿಸಲಾಗದ ಗಂಟಾಗಿತ್ತು, ನನ್ನ ಪರವಾಗಿ ಒಂದು ಸಬೂಬೂ ಆಗಿತ್ತು. ಈಗ ಅನ್ನಿಸುವುದು ಇಷ್ಟು. ಅವರು ಹೇಳಿದ್ದು ‘ಇಂಥದೊಂದು ಇದೆ’ ಎಂದು. ಇದೆ ಎನ್ನಲು ಒಂದು ಸಾಕು. ಬಿಳಿ ಕಾಗೆ ಇದೆ ಎನ್ನುವವನು ಒಂದನ್ನು ಹಿಡಿದು ತಂದರೆ ಮಾತು ಮುಗಿಯಿತು, ಊರಿನ ಕಾಗೆಗಳನ್ನೆಲ್ಲ ಎಣಿಸಬೇಕಿಲ್ಲ. ನಾನು ಹೇಳಿದ್ದು ‘ಇದು ಹೀಗೆಯೇ ಇರುತ್ತದೆ’ ಎಂದು. ಎರಡೂ ವಾಕ್ಯಕ್ಕೆ ಕೆಳಗೆ ಅಂಟಿಸುವ ಚಿತ್ರ ಮಾತ್ರ ಒಂದೇ ಥರದ್ದು. ಚಿತ್ರ ಸುಳ್ಳು ಹೇಳುವುದಿಲ್ಲ. ‘ಇದೆ’ಯಿಂದ ‘ಹೀಗೆಯೇ ಇದೆ’ಗೆ ಜಾರುವ ಆ ಎರಡಿಂಚು ಜಾಗದಲ್ಲಿ, ಅಡಿಬರಹದಲ್ಲಿ, ಸುಳ್ಳು ಹುಟ್ಟುತ್ತದೆ. ನಾನು ಒಂದು ಬಿಂದುವನ್ನೂ ತಿದ್ದಿರಲಿಲ್ಲ. ಅದೇ ನನಗೆ ಇಷ್ಟು ವರ್ಷ ನಿದ್ದೆ ಕೊಟ್ಟದ್ದು.

‘ಇದೆ’ ಎನ್ನುವುದೂ ಸಲೀಸಲ್ಲ, ಬಿಡಿ. ಬ್ಯಾಕ್ಟೀರಿಯಾದೊಳಗೆ ಮೀಸೋಸೋಮ್ ಎಂಬ ಸುರುಳಿ ಅಂಗವಿದೆ ಎಂದು ವರ್ಷಗಟ್ಟಲೆ ನಂಬಿದ್ದರು, ಅದಕ್ಕೆ ಕೆಲಸಗಳನ್ನೂ ಹಂಚಿದ್ದರು. ರಾಸಾಯನಿಕಗಳನ್ನು ಬಿಟ್ಟು ತಟ್ಟನೆ ಹೆಪ್ಪುಗಟ್ಟಿಸಿ ನೋಡಿದಾಗ ಅದು ಕಾಣಲಿಲ್ಲ. ಮಾದರಿಯನ್ನು ತಯಾರಿಸುವ ಕೈಯೇ ಅದನ್ನು ಮಾಡುತ್ತಿತ್ತು. ಸಾವಿರ ಚಿತ್ರ ತೆಗೆದಿದ್ದರೂ ಸಾವಿರದಲ್ಲೂ ಅದೇ ಕೈ. ಇನ್ನೊಂದು ನನಗೆ ತೀರ ಇಷ್ಟವಾದದ್ದು: ಹೆಪ್ಪುಗಟ್ಟಿಸಿದ ಪ್ರೋಟೀನುಗಳ ಮಸುಕು ಚಿತ್ರಗಳನ್ನು ಸಾವಿರಗಟ್ಟಲೆ ಒಂದರ ಮೇಲೊಂದು ಕೂಡಿಸಿ ಸ್ಪಷ್ಟ ಆಕಾರ ಪಡೆಯುವ ಕ್ರಯೋ ವಿಧಾನ. 2017ರ ರಸಾಯನಶಾಸ್ತ್ರದ ನೊಬೆಲ್ ಅದಕ್ಕೇ ಹೋಯಿತು. ಆ ಮೂವರಲ್ಲಿ ಒಬ್ಬರಾದ ರಿಚರ್ಡ್ ಹೆಂಡರ್ಸನ್ 2013ರಲ್ಲೇ ಒಂದು ಎಚ್ಚರಿಕೆ ಬರೆದಿದ್ದರು. ಏನೂ ಇಲ್ಲದ, ಬರೀ ಗದ್ದಲದ ಸಾವಿರ ಚಿತ್ರಗಳನ್ನು ತೆಗೆದುಕೊಳ್ಳಿ. ಒಂದೊಂದನ್ನೂ ಐನ್‌ಸ್ಟೈನರ ಫೋಟೋಕ್ಕೆ ಎಷ್ಟು ಹೊಂದೀತೋ ಅಷ್ಟು ಹೊಂದಿಸಿ ಸರಾಸರಿ ತೆಗೆಯಿರಿ. ಐನ್‌ಸ್ಟೈನ್ ಮೂಡಿ ನಿಮ್ಮನ್ನು ನೋಡುತ್ತಾರೆ! ತನಗೆ ಹೆಸರು ತಂದ ವಿಧಾನ ಎಲ್ಲಿ ಮೋಸ ಹೋಗಬಲ್ಲದು ಎಂಬುದನ್ನು ಆ ಮನುಷ್ಯ ತಾನೇ ಬರೆದರು. ಅವ್ವನ ಭಾಷೆಯಲ್ಲಿ ಖರೇ ಮನುಷ್ಯ.

2007ರಲ್ಲಿ ಒಂದು ಇಮೇಲ್ ಬಂದಿತ್ತು. ನಾನಾಗಲೇ ಪುಣೆಯಲ್ಲಿ ಸಾಫ್ಟ್‌ವೇರಿಗೆ ಬಂದು ಎರಡು ವರ್ಷವಾಗಿತ್ತು. ಬರೆದವನು ಅದೇ ಲ್ಯಾಬಿನ ಹೊಸ ಹುಡುಗ, ನನ್ನ ಥೀಸಿಸ್ಸನ್ನೇ ಮುಂದುವರಿಸುತ್ತಿದ್ದ. ಸರ್, ನಿಮ್ಮದೇ ಪ್ರಮಾಣ, ನಿಮ್ಮದೇ ತಾಪಮಾನ, ಆದರೆ ನಿಮ್ಮ ಚಿತ್ರದಂಥ ಜಾಗ ನನಗೆ ಸಿಗುತ್ತಲೇ ಇಲ್ಲ, ಒಂದು ಸೆಮಿಸ್ಟರ್ ಹೋಯಿತು, ನೀವು ತೆಗೆದ ಬೇರೆ ಚಿತ್ರಗಳಿದ್ದರೆ ಕಳಿಸುತ್ತೀರಾ? ನಾನು ಮೂರು ದಿನ ಬಿಟ್ಟು ಉತ್ತರಿಸಿದೆ. ನೆಗೆಟಿವ್‌ಗಳನ್ನು ಲ್ಯಾಬಿನಲ್ಲೇ ಬಿಟ್ಟು ಬಂದೆ, ಹುಡುಕಿ ನೋಡು, ಪಾಲಿಶಿಂಗ್ ಮಾಡುವಾಗ ಜಾಗ್ರತೆ ಎಂದು ಬರೆದೆ. ನೆಗೆಟಿವ್‌ಗಳು ಧಾರವಾಡದ ಮನೆಯ ಟ್ರಂಕಿನಲ್ಲಿದ್ದವು. ಅವನಿಗೂ ಬೇರೆ ಉಪಾಯವಿರಲಿಲ್ಲ, ಥ್ಯಾಂಕ್ಸ್ ಸರ್ ಎಂದು ಬರೆದ.

ಆ ಪಾಲಿಶಿಂಗ್ ಎಂಬ ಮಾತನ್ನು ಯಾಕೆ ಸೇರಿಸಿದೆನೋ. ಸುಳ್ಳಿಗೆ ಒಂದು ಸಲಹೆಯನ್ನು ಕಟ್ಟಿ ಕಳಿಸಿದರೆ ಅದು ಸಹಾಯದ ಹಾಗೆ ಕಾಣುತ್ತದೆ.

ಆಫೀಸಿನಲ್ಲಿ ನಾನು ಬದಲಾದೆನೆಂದು ತಿಳಿಯಬೇಡಿ. ಪ್ರತಿ ಶುಕ್ರವಾರ ಸ್ಟೇಟಸ್ ರಿಪೋರ್ಟು ಹೋಗುತ್ತದೆ, ಹಸಿರು, ಹಳದಿ, ಕೆಂಪು. ಕಳೆದ ವರ್ಷ ಟೀಮಿನ ಹುಡುಗಿಯೊಬ್ಬಳು ಹತ್ತು ಸಲ ಓಡಿಸಿದ್ದರಲ್ಲಿ ಏಳು ಸಲ ಸರಿ ಬಂತು ಎಂದು ಬರೆದು ತಂದಳು. ಸರಿ ಬಂದದ್ದರ ಸ್ಕ್ರೀನ್‌ಶಾಟ್ ಹಾಕಿ ಹಸಿರು ಮಾಡು ಎಂದೆ. ಮಾಡಿದಳು. ಕ್ಲೈಂಟಿಗೆ ಅನುಮಾನ ಬೇಡ, ತೀರ್ಮಾನ ಬೇಕು. ಇದರಲ್ಲಿ ಸ್ವಲ್ಪ ನಿಜವೂ ಇದೆ ಎಂದು ನನಗೆ ತೋರಿದ್ದು ನೆಫ್ರಾಲಜಿಸ್ಟ್ ಮುಂದೆ ಕೂತಾಗ. ಅವರು ರಿಪೋರ್ಟು ಓದಿದರು, ಆ ಕೊನೆಯ ಸಾಲನ್ನೂ ಓದಿದರು, ಮಿನಿಮಲ್ ಚೇಂಜ್ ಎಂದೇ ನಡೆಯೋಣ, ಇವತ್ತಿನಿಂದ ಪ್ರೆಡ್ನಿಸೊಲೋನ್ 60 ಮಿಲಿಗ್ರಾಂ ಎಂದರು. ಅವರಿಗೆ ನಮ್ಮನ್ನು ಅನುಮಾನದಲ್ಲಿ ಕೂರಿಸಿ ಕಳಿಸುವ ಹಕ್ಕಿಲ್ಲ, ಮಾತ್ರೆ ಬರೆಯಲೇಬೇಕು. ಆದರೆ ಆ ಸಾಲು ಫೈಲಿನಲ್ಲಿದೆ. ನೋಡಿದವರು ಎಷ್ಟು ನೋಡಿದೆ ಎಂದು ಬರೆದಿಟ್ಟರು, ನಿರ್ಧರಿಸಿದವರು ಅದನ್ನು ಗೊತ್ತಿದ್ದೇ ನಿರ್ಧರಿಸಿದರು. ನಾನಾದರೋ ನೋಡುವವನೂ ನಿರ್ಧರಿಸುವವನೂ ಒಬ್ಬನೇ ಆಗಿ, ಎರಡನೆಯವನಿಗೆ ತೊಡಕಾಗದಂತೆ ಮೊದಲನೆಯವನ ಬಾಯಿ ಮುಚ್ಚಿಸಿದ್ದೆ.

ಏಳನೆಯ ವಾರಕ್ಕೆ ಅವ್ವನ ಮೂತ್ರದ ಪ್ರೋಟೀನು ಇಳಿಯಿತು, ಕಾಲಿನ ಬಾವು ಹೋಯಿತು. ಮುಖ ಸ್ಟೀರಾಯ್ಡಿಗೆ ದುಂಡಗಾಗಿ, ಕನ್ನಡಿ ನೋಡಿಕೊಂಡು ತನ್ನಷ್ಟಕ್ಕೆ ನಗುತ್ತಿದ್ದಳು. ಡೋಸು ಕಡಿಮೆ ಮಾಡುತ್ತ ಬಂದಾಗ ಒಮ್ಮೆ ನೊರೆ ಮರಳಿತು, ಮತ್ತೆ ಏರಿಸಿದರು. ಮಿನಿಮಲ್ ಚೇಂಜ್‌ನಲ್ಲೂ ಹೀಗಾಗುವುದುಂಟಂತೆ. ಆ ಸಾಲನ್ನು ಇನ್ನೂ ಯಾರೂ ಹೊಡೆದುಹಾಕಿಲ್ಲ.

ದೀಪಾವಳಿಗೆ ಅವ್ವನ ಶಾಲು, ಪಾಸ್‌ಬುಕ್ಕು ತರಲು ಧಾರವಾಡಕ್ಕೆ ಹೋದಾಗ ಟ್ರಂಕು ತೆರೆದೆ. ಬೆಣ್ಣೆ ಕಾಗದದ ಲಕೋಟೆಗಳು, ನನ್ನದೇ ಅಕ್ಷರ. ಎಣಿಸಿದೆ, 41. ಪುಣೆಗೆ ತಂದು ಲ್ಯಾಪ್‌ಟಾಪಿನ ಪರದೆಯನ್ನು ಬಿಳಿ ಮಾಡಿ, ಅದರ ಮೇಲಿಟ್ಟು ಮೊಬೈಲಿನಲ್ಲಿ ಒಂದೊಂದರ ಫೋಟೋ ತೆಗೆದೆ. ಎಷ್ಟರಲ್ಲಿ ಚಿಕ್ಕ ತಟ್ಟೆ, ಎಷ್ಟರಲ್ಲಿ ದಪ್ಪ, ಎಷ್ಟರಲ್ಲಿ ಬಯಲು ಎಂದು ಒಂದು ಪಟ್ಟಿ ಮಾಡಿದೆ. ಇಪ್ಪತ್ತು ವರ್ಷ ತಡವಾಗಿ ಮಾಡಿದ ಆ ಕೆಲಸಕ್ಕೆ ಎರಡು ಗಂಟೆಯೂ ಹಿಡಿಯಲಿಲ್ಲ. ಆ ಹುಡುಗನನ್ನು ಹುಡುಕಿದೆ. ಈಗ ಅವನಿಗೂ ನಲವತ್ತು ಹತ್ತಿರ, ಒಂದು ಬ್ಯಾಂಕಿನ ಸಾಫ್ಟ್‌ವೇರಿನಲ್ಲಿದ್ದಾನೆ. ನಡೆದದ್ದನ್ನು ಸುತ್ತಿಬಳಸದೆ ಬರೆದು, 41 ಚಿತ್ರ, ಪಟ್ಟಿ ಎಲ್ಲ ಕಳಿಸಿದೆ.

ಎರಡು ದಿನಕ್ಕೆ ಉತ್ತರ ಬಂತು. “ಸರ್, ನನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಲ್ಯಾಬ್ ಬಿಟ್ಟೆ. ಪಿಎಚ್‌ಡಿಗೆ ಅರ್ಜಿ ಹಾಕಿದ್ದೆ, ವಾಪಸ್ ತಗೊಂಡೆ. ಇರಲಿ. 17ನೇ ಮತ್ತು 23ನೇ ಚಿತ್ರದಲ್ಲಿ ಹರಳಿನ ಗಡಿಯ ಪಕ್ಕ ಒಂದು ಖಾಲಿ ಪಟ್ಟಿ ಇದೆಯಲ್ಲ, ಒಂದೇ ಅಗಲದ್ದು. ನನ್ನ ಮಾದರಿಯಲ್ಲೂ ಇತ್ತು. ಅದು ಯಾಕೆ ಅಂತ ನೀವು ನೋಡಿದ್ರಾ?”

ನೋಡಿರಲಿಲ್ಲ. ಇವತ್ತು ಬೆಳಿಗ್ಗೆಯಿಂದ ಆ ಎರಡು ನೆಗೆಟಿವ್‌ಗಳನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದೇನೆ.